ಅಪ್‌ಡೇಟ್: ಒಬ್ಬರಿಗೇ ಎರಡು ಖಾತೆ ಆಗುತ್ತಿದ್ದುದು ಸರಿಹೋಯಿತು

ನಮ್ಮ ಕಾಂಟ್ಯಾಕ್ಟ್ ಸಿಂಕ್ ಸೇವೆಗೆ (ಹೆಸರು, ನಂಬರುಗಳು ಎಲ್ಲ ಫೋನಿನಲ್ಲೂ ಒಂದೇ ಇರುವಂತೆ ನೋಡಿಕೊಳ್ಳುವುದು) ಗೂಗಲ್, ಆಪಲ್ ಲಾಗಿನ್ ಸೇರಿಸಿದ ಮೇಲೆ ಒಬ್ಬರಿಗೇ ಎರಡೆರಡು ಖಾತೆ ಯಾಕೆ ಆಗುತ್ತಿದೆ ಅಂತ ಇಲ್ಲಿ ಕೇಳಿದ್ದೆ. ಕಾರಣ ಸಿಕ್ಕಿತು. ನಾನು ಇಮೇಲ್ ನೋಡಿಯೇ ಬಳಕೆದಾರರನ್ನು ಗುರುತಿಸುತ್ತಿದ್ದೆ. ಆಪಲ್‌ನಲ್ಲಿ ಇಮೇಲ್ ಮರೆಮಾಡಿದರೆ ಬೇರೆಯೇ ರಿಲೇ ವಿಳಾಸ (ನಿಜವಾದ ಇಮೇಲ್‌ಗೆ ಪತ್ರ ದಾಟಿಸುವ ಬದಲಿ ವಿಳಾಸ) ಬರುತ್ತದೆ, ಅಲ್ವಾ? ಈಗ ಲಾಗಿನ್ ಆದಾಗ ಗೂಗಲ್ ಅಥವಾ ಆಪಲ್ ಕಳಿಸುವ ಟೋಕನ್‌ನಲ್ಲಿರುವ ‘ಸಬ್’ ಐಡಿಯನ್ನೇ (ಆ ಬಳಕೆದಾರರ ಗುರುತಿನ ಸಂಖ್ಯೆ) ಉಳಿಸಿಕೊಳ್ಳುತ್ತೇನೆ. ಇಮೇಲ್ ಬದಲಾದರೂ ಅದು ಬದಲಾಗುವುದಿಲ್ಲ. ಹಳೆಯ ಖಾತೆಗೆ ಹೊಸ ಲಾಗಿನ್ ಜೋಡಿಸಲು ಮೊದಲು ಹಳೆಯ ಪಾಸ್‌ವರ್ಡ್ ಹಾಕಲೇಬೇಕು. ಇಮೇಲ್ ಒಂದೇ ಇದೆ ಅಂತ ಸುಮ್ನೆ ಜೋಡಿಸಿದರೆ ಒಬ್ಬರ ನಂಬರುಗಳೆಲ್ಲ ಇನ್ಯಾರದೋ ಕೈಗೆ ಹೋಗಬಹುದು. ನನಗೆ ಆ ಭಯವೇ ಜಾಸ್ತಿ ಇತ್ತು.

ಕಾರ್ಡ್‌ಡಾವ್ (ಕಾಂಟ್ಯಾಕ್ಟ್ ಸಿಂಕ್ ಮಾಡುವ ಸಾಮಾನ್ಯ ವಿಧಾನ) ಕೂಡ ಸೇರಿಸಿದೆ. ಎರಡು ಫೋನಿನಲ್ಲಿ ಒಂದೇ ಹೆಸರು ತಿದ್ದಿದಾಗ ಈಟ್ಯಾಗ್ (ಯಾವ ಆವೃತ್ತಿ ಎಂದು ತಿಳಿಸುವ ಗುರುತು) ಹೊಂದದಿದ್ದರೆ ಸರ್ವರ್ 412 ಎಂಬ ದೋಷ ಸಂಕೇತ ಕೊಟ್ಟು ಎರಡನೇ ತಿದ್ದುಪಡಿ ನಿಲ್ಲಿಸುತ್ತದೆ, ಮೊದಲು ತಿದ್ದಿದ್ದು ಅಳಿಯುವುದಿಲ್ಲ. ಫೋಟೋ ಸಿಂಕ್ ಇನ್ನೂ ಬಾಕಿ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.