ರಾಜ್ಯಪಾಲರು ಹೊರಟ ದಿನ ಮಸೂದೆಗೆ ಅಂಕಿತ ಯಾರದು?

ಬಯಲುಸೀಮೆ: ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಗವರ್ನರ್ ಹೋದರೆ ಲೆಫ್ಟಿನೆಂಟ್ ಗವರ್ನರ್ ಆ ಕುರ್ಚಿಗೆ ಬರುತ್ತಾರೆ. ನಮ್ಮ ರಾಜ್ಯಗಳಲ್ಲಿ ಅಂಥ ಎರಡನೆಯವರೇ ಇಲ್ಲ. ಅವಧಿ ಮುಗಿದರೆ, ರಾಜೀನಾಮೆ ಕೊಟ್ಟರೆ, ತೀರಿಕೊಂಡರೆ ಏನು? ಅಧಿಕಾರ ತಾನಾಗಿ ಸ್ಪೀಕರ್‌ಗೋ ಮುಖ್ಯ ನ್ಯಾಯಮೂರ್ತಿಗೋ ಹೋಗುತ್ತಾ?

ಕಡತ_ಕಟ್ಟು: ತಾನಾಗಿ ಯಾರಿಗೂ ಹೋಗಲ್ಲ. ಅವಧಿ ಮುಗಿದಾಗ ತೊಂದರೆಯೇ ಇಲ್ಲ. ಸಂವಿಧಾನದ 156(3)ನೇ ವಿಧಿ ಪ್ರಕಾರ ಮುಂದಿನವರು ಅಧಿಕಾರ ವಹಿಸಿಕೊಳ್ಳುವವರೆಗೆ ಹಳಬರೇ ಇರುತ್ತಾರೆ. ಕರ್ನಾಟಕಕ್ಕೆ ವಜುಭಾಯಿ ವಾಲಾ 2014ರ ಸೆಪ್ಟೆಂಬರ್ 1ರಂದು ಬಂದವರು. ಐದು ವರ್ಷ 2019ಕ್ಕೇ ಮುಗಿದರೂ 2021ರ ಜುಲೈ 11ರಂದು ಥಾವರ್‌ಚಂದ್ ಗೆಹ್ಲೋಟ್ ಪ್ರಮಾಣವಚನ ತೆಗೆದುಕೊಳ್ಳುವ ತನಕ ಮುಂದುವರಿದರು.

ರಾಜೀನಾಮೆಗೆ ಈ ಸವಲತ್ತಿಲ್ಲ, ಎಡವಟ್ಟಾಗುವ ಜಾಗ ಇದೇ. ಪತ್ರ ರಾಷ್ಟ್ರಪತಿಗೆ ಬರೆಯಬೇಕು, ಮುಖ್ಯಮಂತ್ರಿಗಲ್ಲ. ಅಂಗೀಕಾರದ ಜೊತೆಗೇ ಬದಲಿ ಹೆಸರೂ ಬರದಿದ್ದರೆ ಕುರ್ಚಿ ಖಾಲಿ. ತೆಲಂಗಾಣದಲ್ಲಿ ತಮಿಳಿಸೈ ಸೌಂದರರಾಜನ್ 2024ರ ಮಾರ್ಚ್ 18ರಂದು ರಾಜೀನಾಮೆ ಕೊಟ್ಟರು. ಜಾರ್ಖಂಡ್ ರಾಜ್ಯಪಾಲ ಸಿ.ಪಿ. ರಾಧಾಕೃಷ್ಣನ್ ಹೆಚ್ಚುವರಿ ಹೊಣೆ ಹೊತ್ತು 20ರಂದು ಪ್ರಮಾಣವಚನ ಮುಗಿಸಿದ್ದರು.

ಹೈಕೋರ್ಟ್_ಮೆಟ್ಟಿಲು: ಆ ಪ್ರಮಾಣವಚನವನ್ನೇ ಜನ ಮರೆಯೋದು. ಹೇಗಿದ್ದರೂ ಒಂದು ರಾಜ್ಯಕ್ಕೆ ರಾಜ್ಯಪಾಲರಲ್ಲವೇ ಅಂದರೆ ಸಾಲದು. 159ನೇ ವಿಧಿಯ ಪಠ್ಯದಲ್ಲಿ ರಾಜ್ಯದ ಹೆಸರೇ ಇರುವುದರಿಂದ ಹೆಚ್ಚುವರಿ ಹೊಣೆಯವರೂ ಮತ್ತೆ ಪ್ರಮಾಣ ಮಾಡಬೇಕು. ಬೋಧಿಸುವವರು ಆ ರಾಜ್ಯದ ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿ, ಅವರಿಲ್ಲದಿದ್ದರೆ ಲಭ್ಯರಿರುವ ಅತಿ ಹಿರಿಯ ನ್ಯಾಯಮೂರ್ತಿ. ನೇಮಕದ ಸುದ್ದಿ ಬಂದ ಮಾತ್ರಕ್ಕೆ ಹೊಸಬರು ಸುಗ್ರೀವಾಜ್ಞೆಗೆ ಸಹಿ ಹಾಕುವಂತಿಲ್ಲ.

ನಿಧನವೋ ಕಾಯಿಲೆಯೋ ಆದರೆ 160ನೇ ವಿಧಿ ಇದೆ, ರಾಷ್ಟ್ರಪತಿ ಯಾವ ವ್ಯವಸ್ಥೆಯನ್ನಾದರೂ ಮಾಡಬಹುದು. 2020ರಲ್ಲಿ ಮಧ್ಯಪ್ರದೇಶದ ರಾಜ್ಯಪಾಲ ಲಾಲ್‌ಜಿ ಟಂಡನ್ ಆಸ್ಪತ್ರೆಯಲ್ಲಿದ್ದಾಗಲೇ ಉತ್ತರ ಪ್ರದೇಶದ ಆನಂದಿಬೆನ್ ಪಟೇಲ್ ಆ ರಾಜ್ಯವನ್ನೂ ನೋಡಿಕೊಂಡರು. ಅಧಿಕಾರ ನ್ಯಾಯಮೂರ್ತಿಗೆ ಹೋಗುತ್ತದೆ ಎಂಬ ನಿಮ್ಮ ಊಹೆಯೂ ಪೂರ್ತಿ ತಪ್ಪಲ್ಲ: 1969ರಲ್ಲಿ ಜಿ.ಎಸ್. ಪಾಠಕ್ ಉಪರಾಷ್ಟ್ರಪತಿಯಾಗಿ ಹೋದಾಗ ಮೈಸೂರು ರಾಜ್ಯಕ್ಕೆ ಹಂಗಾಮಿಯಾಗಿದ್ದವರು ಹೈಕೋರ್ಟ್‌ನ ಎ.ಆರ್. ಸೋಮನಾಥ ಅಯ್ಯರ್. ಆದರೆ ಅದೂ ನೇಮಕವೇ, ಹಕ್ಕಲ್ಲ. ಈಗಿನ ರೂಢಿ ಇನ್ನೊಂದು ರಾಜ್ಯದ ರಾಜ್ಯಪಾಲರು. 2014ರಲ್ಲಿ ಭಾರದ್ವಾಜ್ ಹೋದ ಮೇಲೆ ನಮಗೂ ಎರಡು ತಿಂಗಳು ತಮಿಳುನಾಡಿನ ರೋಸಯ್ಯನವರೇ.

ಬಯಲುಸೀಮೆ: ಎರಡು ರಾಜ್ಯ ಅಂದ್ರೆ ಎರಡು ಸಂಬಳನಾ?

ಕಡತ_ಕಟ್ಟು: ಒಂದೇ, ತಿಂಗಳಿಗೆ 3.5 ಲಕ್ಷ. ಒಬ್ಬರನ್ನೇ ಎರಡು ರಾಜ್ಯಕ್ಕೆ ನೇಮಿಸಿದರೆ ಆ ಖರ್ಚನ್ನು ರಾಜ್ಯಗಳಿಗೆ ಹಂಚುವ ಪ್ರಮಾಣವನ್ನು 158(3ಎ) ಅಡಿ ರಾಷ್ಟ್ರಪತಿ ಗೊತ್ತುಮಾಡುತ್ತಾರೆ.