ಅಲಾಸ್ಕಾ: ಹಕ್ಕಿ ಬೇಟೆಯ ಸಭೆಗೆ ಬರುವ ಮೂಲನಿವಾಸಿಗಳಿಗೆ ಸರ್ಕಾರ ಯಾಕೆ ದುಡ್ಡು ಕೊಡಬೇಕು?

ಹಿಮದೂರು:
ಎಲ್ಲರಿಗೂ ನಮಸ್ಕಾರ. ನಮ್ಮೂರು ಮಂಡ್ಯದ ಹತ್ತಿರ, ಈಗ ಇರುವುದು ಆಂಕರೇಜ್‌ನಲ್ಲಿ. ಆಫೀಸಿನಲ್ಲಿ ನನ್ನ ಪಕ್ಕ ಕೂರುವವರು ಇಲ್ಲಿನ ಮೂಲನಿವಾಸಿಗಳಾದ ಯೂಪಿಕ್ ಜನಾಂಗದ ಒಬ್ಬ ಹೆಂಗಸು, ಬೇರಿಂಗ್ ಸಮುದ್ರದ ದಂಡೆಯ ಹಳ್ಳಿಯವರು. ಮೇ ತಿಂಗಳಲ್ಲಿ ಅವರ ತಮ್ಮ ಊರಿನಿಂದ ಒಂದು ಹೆಬ್ಬಾತು ಕಳಿಸಿದ್ದ. ಪುಕ್ಕ ಕಿತ್ತು, ಹೆಪ್ಪುಗಟ್ಟಿಸಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಸಣ್ಣ ವಿಮಾನದಲ್ಲಿ ಹಾಕಿದ್ದು. ಅವರು ಅದಕ್ಕೆ ಅಕ್ಕಿ, ಈರುಳ್ಳಿ ಹಾಕಿ ತೆಳ್ಳಗೆ ಸಾರು ಮಾಡಿ ನನಗೂ ಒಂದು ಡಬ್ಬಿ ತಂದುಕೊಟ್ಟರು. "ಚಳಿಗಾಲ ಪೂರ್ತಿ ಒಣ ಮೀನು ತಿಂದವರಿಗೆ ವರ್ಷದ ಮೊದಲ ತಾಜಾ ಮಾಂಸ ಇದು" ಅಂದರು.

ಅವರ ಮಾವ ಹಕ್ಕಿ ಬೇಟೆಯ ಪ್ರಾದೇಶಿಕ ಸಮಿತಿಯಲ್ಲಿದ್ದಾರಂತೆ. ಸಭೆಗೆ ಬಂದುಹೋಗುವ ಖರ್ಚು ಸರ್ಕಾರದ ಅನುದಾನದಿಂದ ಬರುತ್ತದಂತೆ. ನನ್ನ ಪ್ರಶ್ನೆ ಇಷ್ಟೇ. ಬೇಟೆ ಅವರ ಹಕ್ಕು ಅನ್ನುವುದಾದರೆ ಸಭೆಗೆ ಬರಲು ತೆರಿಗೆ ದುಡ್ಡು ಯಾಕೆ? ಇನ್ನೊಂದು, ಅದೇ ಸರ್ಕಾರದ ದುಡ್ಡಲ್ಲಿ ಬಂದವರು ಅದರ ಎದುರೇ ಕೂತು ಜಗಳ ಆಡೋಕೆ ಆಗುತ್ತಾ? ಗೊತ್ತಿದ್ದವರು ಹೇಳಿ. ಅವರನ್ನೇ ಕೇಳಲು ಒಂಥರಾ ಸಂಕೋಚ.

ಕೆರೆದಂಡೆ:
ಒಳ್ಳೆಯ ಪ್ರಶ್ನೆ, ಆದರೆ ಸ್ವಲ್ಪ ಹಿಂದಿನಿಂದ ಹೇಳಬೇಕು. 1916ರಲ್ಲಿ ಅಮೆರಿಕ ಮತ್ತು ಬ್ರಿಟನ್ (ಕೆನಡಾ ಪರವಾಗಿ) ವಲಸೆ ಹಕ್ಕಿಗಳ ಒಪ್ಪಂದ ಮಾಡಿಕೊಂಡವು. ಮಾರ್ಚ್ 10ರಿಂದ ಸೆಪ್ಟೆಂಬರ್ 1ರವರೆಗೆ ಬೇಟೆ ಬಂದ್. ದಕ್ಷಿಣದ ಊರುಗಳಲ್ಲಿ ಶೋಕಿಗೆ ಬೇಟೆಯಾಡುವವರಿಗೆ ಇದರಿಂದ ಏನೂ ತೊಂದರೆ ಇಲ್ಲ, ಹಕ್ಕಿ ಅವರ ಕಡೆ ಬರುವುದೇ ಚಳಿಗಾಲಕ್ಕೆ. ಅಲಾಸ್ಕಾದ ಉತ್ತರದಲ್ಲಿ ಲೆಕ್ಕ ಉಲ್ಟಾ. ಹಕ್ಕಿ ಬರುವುದು ವಸಂತದಲ್ಲಿ, ಸೆಪ್ಟೆಂಬರ್ ಹೊತ್ತಿಗೆ ಹೊರಟೇ ಹೋಗುತ್ತಿರುತ್ತವೆ. ಅಂದರೆ ಊಟಕ್ಕೆ ಹಕ್ಕಿ ಹೊಡೆಯುವವರ ಇಡೀ ಕಾಲವೇ ಕಾನೂನುಬಾಹಿರ. ಆ ಒಪ್ಪಂದ ಬರೆಯುವಾಗ ಇವರನ್ನು ಯಾರೂ ಕೇಳಿರಲಿಲ್ಲ.

1961ರಲ್ಲಿ ಬ್ಯಾರೋ ಊರಿನಲ್ಲಿ (ಈಗ ಉಟ್ಕಿಯಾಗ್ವಿಕ್) ಬಾತು ಹೊಡೆದದ್ದಕ್ಕೆ ಕೆಲವರನ್ನು ಹಿಡಿದರು. ಅದರಲ್ಲಿ ರಾಜ್ಯದ ಶಾಸಕ ಜಾನ್ ನುಸುಂಗಿನ್ಯಾ ಕೂಡ ಇದ್ದರು. ಆಮೇಲೆ 138 ಜನ ತಲಾ ಒಂದು ಬಾತು ಹಿಡಿದುಕೊಂಡು ಬಂದು ಅಧಿಕಾರಿಯ ಮುಂದೆ ನಿಂತರು, ನಮ್ಮನ್ನೂ ಹಿಡಿಯಿರಿ ಅಂತ. ಕೊನೆಗೆ ಕೇಸು ಬಿಟ್ಟರು, ಕಾನೂನು ಮಾತ್ರ ಹಾಗೇ ಉಳಿಯಿತು. ವಸಂತದ ಬೇಟೆಗೆ ದಾರಿ ಮಾಡುವ ತಿದ್ದುಪಡಿ ಒಪ್ಪಂದಕ್ಕೆ ಬಂದು ಅಮೆರಿಕದ ಸೆನೆಟ್ ಅದನ್ನು ಒಪ್ಪಿದ್ದು 1997ರಲ್ಲಿ. ಈ ಬೇಟೆಯ ನಿಯಮಗಳನ್ನು ಶಿಫಾರಸು ಮಾಡುವ ಮಂಡಳಿ ಆಗಿದ್ದು 2000ದಲ್ಲಿ, ಮೊದಲ ಕಾನೂನುಬದ್ಧ ವಸಂತ ಬೇಟೆ 2003ರಲ್ಲಿ. ಎಂಬತ್ತು ವರ್ಷಕ್ಕೂ ಜಾಸ್ತಿ, ತಮ್ಮ ಊಟಕ್ಕೆ ಕಳ್ಳರ ಹಾಗೆ ಓಡಾಡಿದ ಜನ ಅವರು. 2018ರಲ್ಲಿ ಕೇಂದ್ರದ ವನ್ಯಜೀವಿ ಇಲಾಖೆ, ರಾಜ್ಯದ ಇಲಾಖೆ ಎರಡೂ ಇದಕ್ಕೆ ಕ್ಷಮೆ ಕೇಳಿದವು.

ಈಗ ದುಡ್ಡಿನ ವಿಷಯ. ಮಂಡಳಿಯಲ್ಲಿ ಮೂರು ವೋಟು: ಕೇಂದ್ರಕ್ಕೆ ಒಂದು, ರಾಜ್ಯಕ್ಕೆ ಒಂದು, ಎಲ್ಲ ಪ್ರದೇಶಗಳ ಮೂಲನಿವಾಸಿಗಳಿಗೆ ಸೇರಿ ಒಂದು. ಕೇಂದ್ರದವರು, ರಾಜ್ಯದವರು ಸಂಬಳದ ಮೇಲೆ ಬಂದು ಕೂರುತ್ತಾರೆ. ಅವರ ಟಿಕೆಟ್ಟೂ ತೆರಿಗೆ ದುಡ್ಡೇ, ಅದನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ಮೂರನೆಯವರು ಮಾತ್ರ ಕೈಯಿಂದ ಹಾಕಿಕೊಂಡು ಬರಬೇಕಾ? ಬೆತೆಲ್‌ನಂಥ ಪಟ್ಟಣಕ್ಕೇ ಆಂಕರೇಜ್‌ನಿಂದ ರಸ್ತೆ ಇಲ್ಲ. ಹಳ್ಳಿಯಿಂದ ಬೆತೆಲ್‌ಗೆ ಒಂದು ವಿಮಾನ, ಅಲ್ಲಿಂದ ಆಂಕರೇಜ್‌ಗೆ ಇನ್ನೊಂದು. ಮಂಜು ಕವಿದರೆ ಮಧ್ಯದಲ್ಲಿ ಎರಡು ದಿನ ಕಾಯುವುದು ಬೇರೆ.

ಹೊಂಗೆನೆರಳು:
ಇತಿಹಾಸ ಓದಿ ಬೇಜಾರಾಯಿತು, ಅದನ್ನು ಒಪ್ಪುತ್ತೇನೆ. ಆದರೂ ಒಂದು ಮಾತು. ನಾನು ಇಪ್ಪತ್ತು ವರ್ಷದಿಂದ ಹಕ್ಕಿ ನೋಡುವವನು, ಮಾಗಡಿ ಕೆರೆಗೆ (ಗದಗ ಕಡೆಯದು) ಹೆಬ್ಬಾತು ಬರುವ ಹೊತ್ತಿಗೆ ಪ್ರತಿ ವರ್ಷ ಹೋಗುತ್ತೇನೆ. ವಸಂತ ಅಂದರೆ ಮೊಟ್ಟೆ ಇಡುವ ಕಾಲ ಅಲ್ವಾ? ಆಗ ಹೊಡೆದರೆ ಸಂತತಿ ಏನಾಗಬೇಕು? ಅದಕ್ಕೆ ಸರ್ಕಾರವೇ ದುಡ್ಡು ಕೊಡುವುದು ನನಗೆ ಅರಗುತ್ತಿಲ್ಲ.

ಕೆರೆದಂಡೆ:
ಸರ್, ನಿಮ್ಮ ಆತಂಕ ನ್ಯಾಯವಾದದ್ದೇ. ಅದಕ್ಕೇ ಗೂಡು ಕಟ್ಟುವ ಹೊತ್ತಿನಲ್ಲಿ 30 ದಿನ ಬೇಟೆ ನಿಲ್ಲಿಸುವ ನಿಯಮ ಇದೆ. ಅದಕ್ಕಿಂತ ದೊಡ್ಡ ಮಾತು ಪಶ್ಚಿಮ ಅಲಾಸ್ಕಾದ ಯೂಕಾನ್-ಕಸ್ಕೋಕ್ವಿಮ್ ನದಿಮುಖಜ ಭೂಮಿಯದು. 1980ರ ದಶಕದ ಮೊದಲಿಗೆ ಅಲ್ಲಿ ಕ್ಯಾಕ್ಲಿಂಗ್ ಹೆಬ್ಬಾತು ತೀರಾ ಕಡಿಮೆಯಾಗಿತ್ತು, ಎಂಪರರ್ ಹೆಬ್ಬಾತು, ಬ್ರಾಂಟ್ ಅನ್ನುವ ಸಣ್ಣ ಹೆಬ್ಬಾತು ಕೂಡ ಇಳಿದಿದ್ದವು. ಪೊಲೀಸರನ್ನು ಕಳಿಸಿ ಉಳಿಸಲು ಆಗುವ ಜಾಗ ಅದಲ್ಲ, ಕಣ್ಣು ಹಾಯುವಷ್ಟು ದೂರ ಬರೀ ಜೌಗು, ಹೊಂಡ. 1984ರಲ್ಲಿ ಹೂಪರ್ ಬೇ ಹಳ್ಳಿಯ ಹೆಸರಿನ ಒಪ್ಪಂದ ಆಯಿತು. ಹಳ್ಳಿಯವರು ತಾವಾಗಿ ಬೇಟೆ ಕಡಿಮೆ ಮಾಡಿದರು, ಅದೇ ಹಕ್ಕಿ ಆಗ ಚಳಿಗಾಲ ಕಳೆಯುತ್ತಿದ್ದ ಕ್ಯಾಲಿಫೋರ್ನಿಯಾದ ಬೇಟೆಗಾರರೂ ಕೈ ಬಿಗಿ ಹಿಡಿದರು. ಕ್ಯಾಕ್ಲಿಂಗ್ ಮತ್ತೆ ಹೆಚ್ಚಿತು. ಎಂಪರರ್ ಬೇಟೆ 1987ರಲ್ಲಿ ಬಂದ್ ಆಗಿ ಮತ್ತೆ ತೆರೆದದ್ದು 2017ರಲ್ಲಿ, ಮೂವತ್ತು ವರ್ಷ ಕಾದರು. ಊರಿಂದೂರಿಗೆ ಹೋಗಿ, ಹಿರಿಯರನ್ನು ಕೂರಿಸಿ, ಅವರ ಭಾಷೆಯಲ್ಲಿ ಮಾತಾಡಿಸಿದ್ದರಿಂದ ಆದ ಕೆಲಸ ಇದು. ಆ ಓಡಾಟಕ್ಕೆ ತಾನೇ ದುಡ್ಡು ಬೇಕಿರುವುದು?

ಹೊಂಗೆನೆರಳು:
ಕ್ಯಾಲಿಫೋರ್ನಿಯಾದವರೂ ಬಿಟ್ಟುಕೊಟ್ಟರು ಅನ್ನುವುದು ಗೊತ್ತಿರಲಿಲ್ಲ. ಯೋಚನೆ ಮಾಡುತ್ತೇನೆ.

ನಾಲ್ಕನೇಕಾಲು:
ಹಿಮದೂರು ಅಕ್ಕಾ, ನಿಮ್ಮ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನನಗೆ ಅದೇ ಮುಖ್ಯ. ನಾನು ಸ್ವಯಂಸೇವಾ ಸಂಸ್ಥೆಗಳ ಲೆಕ್ಕಪತ್ರ ನೋಡುವವಳು, ಹಾಗಾಗಿ ಅನುದಾನದ ರುಚಿ ಚೆನ್ನಾಗಿ ಗೊತ್ತು. ಇಲ್ಲಿ ದುಡ್ಡು ಹೋಗುವುದು ಬೆತೆಲ್, ನೋಮ್, ಕೋಟ್ಸೆಬ್ಯೂ, ಡಿಲಿಂಗ್‌ಹ್ಯಾಮ್ ಮುಂತಾದ ಕಡೆಯ ಪ್ರಾದೇಶಿಕ ಸಂಸ್ಥೆಗಳಿಗೆ, ಕೊಡುವುದು ವನ್ಯಜೀವಿ ಇಲಾಖೆ. ಅಂದರೆ ಮೇಜಿನ ಎದುರು ಕೂತ ಪಕ್ಷವೇ ಇವರ ಖರ್ಚನ್ನೂ ನೋಡಿಕೊಳ್ಳುತ್ತದೆ. ಅದು ಯಾವ ವರ್ಷ ಬಜೆಟ್ ಹಿಡಿದರೂ ಇವರ ದನಿ ಸಣ್ಣದಾಗುತ್ತದೆ. ಯಾರೂ ಕೆಟ್ಟವರಾಗಬೇಕಿಲ್ಲ, ವ್ಯವಸ್ಥೆಯೇ ಹಾಗಿದೆ.

ಅದಕ್ಕೆ ದುಡ್ಡು ನಿಲ್ಲಿಸುವುದು ಪರಿಹಾರ ಅಲ್ಲ. ಜಾಸ್ತಿ ಕೊಡಬೇಕು, ಬೇರೆ ಥರ ಕೊಡಬೇಕು. ಟಿಕೆಟ್ಟು, ಲಾಡ್ಜು ಖರ್ಚು ಕೊಟ್ಟು ಕೈತೊಳೆದುಕೊಂಡರೆ ಮನುಷ್ಯ ಸಭೆಗೆ ಬರುತ್ತಾನೆ, ಎದುರಿನವರು ಗ್ರಾಫ್ ತೋರಿಸುತ್ತಾರೆ, ಇವನು ತಲೆಯಾಡಿಸಿ ವಾಪಸ್ ಹೋಗುತ್ತಾನೆ. ಅವರ ಕಡೆಯೂ ಅಂಕಿಅಂಶ ಓದಬಲ್ಲ ಒಬ್ಬ ಜೀವಶಾಸ್ತ್ರಜ್ಞ ಬೇಕು, ಒಬ್ಬ ವಕೀಲ ಬೇಕು, ಅವರ ಸಂಬಳ ಆ ಸಂಸ್ಥೆಗಳ ಕೈಯಲ್ಲೇ ಇರಬೇಕು. ಒಂದು ವರ್ಷದ ಲೆಕ್ಕದಲ್ಲಿ ಒಳ್ಳೆಯ ಕೆಲಸಗಾರರನ್ನು ಉಳಿಸಿಕೊಳ್ಳೋಕೆ ಆಗಲ್ಲ, ಮೂರು ನಾಲ್ಕು ವರ್ಷಕ್ಕೆ ಒಟ್ಟಿಗೆ ಕೊಡಬೇಕು. ಮತ್ತೆ, ಮಂಡಳಿ ಮಾಡುವುದು ಶಿಫಾರಸು ಮಾತ್ರ, ಅಂತಿಮ ನಿಯಮ ಕೇಂದ್ರದ್ದೇ. ಹಾಗಿರುವಾಗ ಶಿಫಾರಸಾದರೂ ಗಟ್ಟಿಯಾಗಿರಬೇಡವಾ?

ಹಿಮದೂರು:
ತುಂಬಾ ಥ್ಯಾಂಕ್ಸ್. ಇದನ್ನೆಲ್ಲ ಓದಿದ ಮೇಲೆ ಧೈರ್ಯ ಮಾಡಿ ಆಫೀಸಿನಲ್ಲಿ ಪಕ್ಕ ಕೂರುವ ಅವರನ್ನೇ ಕೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ, ಅರ್ಧ ಗಂಟೆ ಮಾತಾಡಿದರು. ಅವರ ಅಕ್ಕ ಕೆಲವು ವರ್ಷ ಊರಿನಲ್ಲಿ ಬೇಟೆ ಲೆಕ್ಕ ಬರೆಯುವ ಕೆಲಸ ಮಾಡಿದ್ದರಂತೆ. ಕೈಯಲ್ಲಿ ಹಕ್ಕಿಗಳ ಬಣ್ಣದ ಚಿತ್ರ ಇರುವ ಹಾಳೆ ಹಿಡಿದು ಮನೆಮನೆಗೆ ಹೋಗುವುದು, ಯಾವುದು ಎಷ್ಟು ಹೊಡೆದಿರಿ, ಮೊಟ್ಟೆ ಎಷ್ಟು ಎತ್ತಿದಿರಿ ಅಂತ ಕೇಳುವುದು. ಮೊದಮೊದಲು ಬಾಗಿಲನ್ನೇ ತೆಗೆಯುತ್ತಿರಲಿಲ್ಲವಂತೆ, ಹೇಳಿದರೆ ಎಲ್ಲಿ ಕೇಸು ಹಾಕುತ್ತಾರೋ ಅನ್ನುವ ಹಳೇ ಭಯ. ಊರಿನ ಮಗಳೇ ಬಂದಿದ್ದಾಳೆ ಅಂತ ಗೊತ್ತಾದ ಮೇಲೆ ಒಳಗೆ ಕರೆದು, ಟೀ ಕೊಟ್ಟು, ಚಿತ್ರದ ಮೇಲೆ ಬೆರಳಿಟ್ಟು ತೋರಿಸತೊಡಗಿದರಂತೆ. ಆ ಕೆಲಸದ ಸಂಬಳವೂ ಇದೇ ಥರದ ದುಡ್ಡು ಅಂದರು.

ಅವರ ಮಾವ ಮುಂದಿನ ಸಭೆಗೆ ಆಂಕರೇಜ್‌ಗೆ ಬರುತ್ತಿದ್ದಾರೆ. ನನ್ನನ್ನೂ ಬಾ ಅಂದಿದ್ದಾರೆ, ಸಾರ್ವಜನಿಕರು ಕೂತು ಕೇಳಬಹುದಂತೆ. ರಜೆ ಹಾಕಿದ್ದೇನೆ.