'ಸಾಧಿಸಿರಿ' ಅಂತ ಬಂದ್ರ ಪೆನ್ನು ನಿಲ್ಲತದ, ನಿಮ್ಮ ಮಕ್ಕಳಿಗೆ ಹೆಂಗ ಹೇಳಿಕೊಟ್ರಿ?

ಸಿಂಧನೂರಿಂದ ಕೇಳಿದ್ದು:
ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ಬೀಜಗಣಿತ ಹೆಂಗೋ ಮಾಡ್ತಾಳ, ರೇಖಾಗಣಿತ ಬಂತಂದ್ರ ಸುಮ್ನ ಕೂಡ್ತಾಳ. ಟ್ಯೂಷನ್‌ನ್ಯಾಗ ಪ್ರಮೇಯ ಬಾಯಿಪಾಠ ಮಾಡಿಸ್ತಾರ, ಅಕ್ಷರ ಬದಲಾಯಿಸಿ ಕೊಟ್ರ ಮುಗೀತು ಕಥಿ. ಅನುಭವ ಇದ್ದವರು ಹೇಳ್ರಿ.

ಕೊಪ್ಪಳ, ಹೈಸ್ಕೂಲ್ ಗಣಿತ ಮಾಸ್ತರು:
ಅಕ್ಕಾರ, ನನ್ನ ಕ್ಲಾಸಿನ್ಯಾಗೂ ಅರ್ಧಕ್ಕರ್ಧ ಹಿಂಗ ಅದಾರ. ಲೆಕ್ಕ ಬರಂಗಿಲ್ಲ ಅಂತಲ್ರಿ, ಚಿತ್ರದಾಗ ಕಣ್ಣಿಗೆ ಕಂಡಿದ್ದನ್ನ ನಿಜ ಅಂತ ಬರದುಬಿಡ್ತಾರ. ಒಂದು ಲೆಕ್ಕ ತಗೋರಿ: ತ್ರಿಭುಜ ಎಬಿಸಿ, ಎಬಿ = ಎಸಿ, ಬಿಸಿಯ ಮಧ್ಯಬಿಂದು ಡಿ, ಬಿಸಿಗೆ ಎಡಿ ಲಂಬ ಅಂತ ಸಾಧಿಸಬೇಕು. ಮೊದಲನೇ ಸಾಲಿಗೇ 'ಕೋನ ಎಡಿಬಿ = 90°' ಅಂತಾರ, ಯಾಕೋ ಅಂದ್ರ 'ಕಾಣ್ತದಲ್ರಿ ಸರ್'! ಅದನ್ನ ಸಾಧಿಸು ಅಂತನ ಅಲ್ಲೇನೋ ಕೇಳಿದ್ದು. ಅದಕ್ಕ ಹಾಳಿ ನಡುವ ಗೆರಿ ಹೊಡಸ್ರಿ, ಎಡಕ್ಕ ಹೇಳಿಕೆ, ಬಲಕ್ಕ ಕಾರಣ. ಎಬಿ = ಎಸಿ, ದತ್ತ (ಲೆಕ್ಕದಾಗ ಕೊಟ್ಟದ್ದು). ಬಿಡಿ = ಸಿಡಿ, ಡಿ ಮಧ್ಯಬಿಂದು. ಎಡಿ ಎರಡಕ್ಕೂ ಸಾಮಾನ್ಯ. ಅಲ್ಲಿಗೆ ಬಾಬಾಬಾ (ಬಾಹು-ಬಾಹು-ಬಾಹು, ಮೂರೂ ಬಾಹು ಸಮ) ಪ್ರಕಾರ ಎರಡೂ ತ್ರಿಭುಜ ಸರ್ವಸಮ, ಅಂದ್ರ ಒಂದರ ಮ್ಯಾಲ ಒಂದು ಇಟ್ರ ಸರಿ ಕೂಡ್ತಾವು, ಹಂಗಾಗಿ ಡಿ ಹತ್ರದ ಎರಡೂ ಕೋನ ಸಮ, ಅವು ಸರಳರೇಖೆ ಮ್ಯಾಲ ಕುಂತಾವು, ಕೂಡಿದ್ರ 180°, ಒಂದೊಂದು 90°. ಬಲಕ್ಕ ಖಾಲಿ ಉಳಿದ ಸಾಲು ಹೊಡದಾಕು ಅನ್ರಿ. ಸಿಕ್ಕಿಬಿದ್ದಾಗ ಕೊನಿಯಿಂದ ಹಿಂದಕ್ಕ ಬರಲಿ: 90 ಬೇಕಂದ್ರ ಎರಡು ಕೋನ ಸಮ ಆಗ್ಬೇಕು, ಅದಕ್ಕ ಸರ್ವಸಮ ತ್ರಿಭುಜ ಬೇಕು, ಅದಕ್ಕ ಕೈಯಾಗ ಏನೇನ್ ಅದಾವು?

ಬಳ್ಳಾರಿ, ಡಿಗ್ರಿ ಓದೋ ಹುಡುಗಿ:
ಆಂಟಿ, ಚಿತ್ರ ಚೆಂದ ಬರೀಬ್ಯಾಡ ಅಂತೇಳ್ರಿ. ಒಂದು ತ್ರಿಭುಜ ಅಂದ್ರೆ ನಾವೆಲ್ಲ ಸಮಬಾಹು ಥರದ್ದೇ ಎಳೀತಿದ್ವಿ, ಆಮೇಲೆ ಇಲ್ಲದಿರೋ ಸಮ ಎಲ್ಲಾ ಕಾಣೋವು. ಮೂರೂ ಬಾಹು ಬೇರೆ ಬೇರೆ ಇರೋ ಸೊಟ್ಟದ್ದೇ ಬರೀಲಿ, ದತ್ತದಾಗೆ ಇರೋದಕ್ಕೆ ಮಾತ್ರ ಗುರುತು ಹಾಕ್ಲಿ.

ರಾಯಚೂರು, ಮನಿ ಕಟ್ಟಿಸೋ ಕೆಲಸದವರು:
ಪಾಯ ಹಾಕೋ ಜಾಗಕ್ಕ ಕರಕೊಂಡ್ ಹೋಗ್ರಿ. ಗೌಂಡಿ ಮೂಲಿಯಿಂದ ಒಂದ್ ಕಡಿ 3 ಫೂಟು, ಇನ್ನೊಂದ್ ಕಡಿ 4 ಫೂಟು ಗುರುತು ಮಾಡಿ ನಡುವ ಟೇಪ್ ಹಿಡೀತಾನ, 5 ಬಂತಂದ್ರ ಮೂಲಿ ಸರಿ ಅದ. ನಮ್ಮ ಹುಡುಗ ನೋಡಿದವನ 'ಇದು ಪೈಥಾಗೊರಸ್ ಅಲ್ಲೇನಪ್ಪಾ' ಅಂದ.

ಕೊಪ್ಪಳದ ಮಾಸ್ತರು:
ಚಲೋ ಹೇಳಿದ್ರಿ ಅಣ್ಣಾರ, ಆದ್ರ ಗೌಂಡಿ ಮಾಡೋದು ಅದರ ವಿಲೋಮ. ಮೂಲಿ 90° ಇದ್ರ 3, 4, 5ರ ವರ್ಗ ಹಿಡದು 9 + 16 = 25 ಅನ್ನೋದು ಪ್ರಮೇಯ, 25 ಬಂದದ ಹಂಗಾಗಿ 90° ಅನ್ನೋದು ಉಲ್ಟಾ. ಇಲ್ಲಿ ಎರಡೂ ನಿಜ, ಎಲ್ಲಾ ಕಡಿ ಹಂಗಿಲ್ಲ. ಆಯತದ ಕರ್ಣ (ಮೂಲಿಯಿಂದ ಎದುರು ಮೂಲಿಗೆ ಎಳದ ಗೆರಿ) ಎರಡೂ ಸಮ, ಆದ್ರ ಕರ್ಣ ಸಮ ಅದಾವಂದ ಕೂಡ್ಲೆ ಆಯತ ಅನ್ನಾಕ ಬರಂಗಿಲ್ಲ, ಸಮದ್ವಿಬಾಹು ತ್ರಾಪಿಜ್ಯಕ್ಕೂ (ಒಂದು ಜೋಡಿ ಬಾಹು ಸಮಾಂತರ, ಓರೆ ಬಾಹು ಎರಡೂ ಸಮ ಉದ್ದ ಇರೋ ಚತುರ್ಭುಜ) ಸಮನ ಇರ್ತಾವು. ಅದಕ್ಕ ರೂಮಿನ ಎದುರುಬದುರು ಗ್ವಾಡಿ ಅಳತಿ ಸಮ ಮಾಡ್ಕೊಂಡ ಮ್ಯಾಲನ ಕರ್ಣ ಹಿಡೀಬೇಕು. ತರ್ಕದ ಪ್ರಶ್ನೆದಾಗ ಹುಡುಗ್ರು ಜಾರೋದೂ ಇಲ್ಲೇ.

ಗಂಗಾವತಿ, ಒಬ್ಬ ತಂದೆ:
ಇಷ್ಟೆಲ್ಲಾ ಮಾಡ್ಕೋತ ಕುಂತ್ರ ಸಿಲಬಸ್ ಯಾರ್ ಮುಗಸ್ತಾರ್ರೀ? ನಮ್ಮ ಹುಡುಗ ಬಾಯಿಪಾಠ ಮಾಡೇ ಪಾಸಾದ.

ಕೊಪ್ಪಳದ ಮಾಸ್ತರು:
ಪ್ರಮೇಯದ ಹೇಳಿಕೆ ಬಾಯಿಪಾಠ ಇರ್ಲೇಬೇಕು, ನಂದೇನೂ ತಕರಾರಿಲ್ಲ. ಸಾಧನೆ ಬಾಯಿಪಾಠ ಮಾಡಿದ್ರ ಎಬಿಸಿ ಬದ್ಲಿ ಪಿಕ್ಯೂಆರ್ ಬಂದ ದಿನ ಗೊತ್ತಾಗತದ.

ಸಿಂಧನೂರು:
ನಡುವ ಗೆರಿ ಹೊಡಿಸಿ ಶುರು ಮಾಡೀವ್ರಿ ಸರ್. 'ರಚನೆ' ಅಂತ ಹೊಸ ಗೆರಿ ಎಳೀತಾರಲ್ಲ, ಯಾವ ಗೆರಿ ಅಂತ ಹೆಂಗ ಹೊಳೀತದ?

ಕೊಪ್ಪಳದ ಮಾಸ್ತರು:
ಗೊತ್ತಿರೋ ಪ್ರಮೇಯ ಹಚ್ಚಾಕ ಏನ್ ಕಡಿಮಿ ಬಿದ್ದದ ನೋಡ್ರಿ, ಅದನ್ನ ತರೋ ಗೆರಿ. ಮೂರು ಕೋನ ಕೂಡಿ 180° ಅಂತ ಸಾಧಿಸೋ ಮುಂದ ಸಮಾಂತರ ರೇಖೆನ ಇಲ್ಲ, ಅದಕ್ಕ ಮ್ಯಾಲಿನ ಶೃಂಗದಿಂದ (ಮೂಲಿಯಿಂದ) ಪಾದಕ್ಕ ಸಮಾಂತರ ಎಳೀರಿ, ಪಾದದ ಎರಡೂ ಕೋನಕ್ಕ ಸಮ ಆದ ಪರ್ಯಾಯ ಕೋನ ಮ್ಯಾಲ ಬಂದು ಮೂರೂ ಒಂದ ಸರಳರೇಖೆ ಮ್ಯಾಲ ಕೂಡ್ತಾವು.